ಮೆತ್ತನೆಯ ಸವಾರಿ

ಹಳೆಯ ಶಾಕ್ ಅಬ್ಸಾರ್ಬರ್ ಕೆಟ್ಟಿರಲಿಲ್ಲ. ಮೆಕ್ಯಾನಿಕ್‌ಗೆ ಮೊದಲು ಅನುಮಾನ ಬಂದದ್ದು ಅದರಿಂದಲೇ.

ಬೈಕು ಅವನ ಭಾವನದು, ಅಂದರೆ ಅಕ್ಕನ ಗಂಡನದು. ಭಾವ ಮೂವತ್ತೊಂದು ವರ್ಷ ದೂರದೂರುಗಳಿಗೆ ಬಸ್ಸು ಓಡಿಸಿ ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಒಂದು ಕೋಳಿಯೂ ತಮ್ಮ ಚಕ್ರಕ್ಕೆ ಸಿಕ್ಕಿಲ್ಲ ಎಂಬುದು ಅವರ ಹೆಮ್ಮೆ. ಮನೆಗೆ ಬಂದ ಹೊಸಬರಿಗೆ ನೀರು ಕೊಡುವ ಮೊದಲೇ ಈ ವಿಷಯ ಹೇಳಿಬಿಡುತ್ತಾರೆ ಎಂದು ಅಕ್ಕ ನಗುತ್ತಿದ್ದಳು. ನಿವೃತ್ತಿಯಾದ ವರ್ಷವೇ ಅವರು ದೂರದ ಓಡಾಟಕ್ಕೆಂದೇ ಮಾಡಿದ ಈ ದೊಡ್ಡ ಬೈಕು ತಂದು, ಎರಡೂ ಪಕ್ಕಕ್ಕೆ ಅಲ್ಯೂಮಿನಿಯಂ ಪೆಟ್ಟಿಗೆ ಬಿಗಿದು, ಹಿಂದೆ ಅಕ್ಕನನ್ನು ಕೂರಿಸಿಕೊಂಡು ಊರೂರು ಸುತ್ತತೊಡಗಿದ್ದರು.

ಈ ಸಲ ವರ್ಕ್‌ಶಾಪಿಗೆ ಬಂದಾಗ ಅವರದು ಒಂದೇ ದೂರು.

"ಹಿಂದಿನ ಚಕ್ರ ಕತ್ತೆ ಹಾಗೆ ಒದೀತಿದೆ ಕಣೋ. ನಿಮ್ಮಕ್ಕನ ಸೊಂಟ ಉಳಿಯಲ್ಲ. ಒಳ್ಳೇ ಶಾಕ್ ತರಿಸಿ ಹಾಕು. ಕೂತರೆ ಬೆಣ್ಣೆ ಮೇಲೆ ಕೂತ ಹಾಗಿರಬೇಕು. ಗುರುವಾರ ಹೊರಡ್ತೀವಿ, ಹನ್ನೆರಡು ದಿನದ ದಾರಿ."

ಮೆಕ್ಯಾನಿಕ್ ಒಬ್ಬನೇ ಕೆಲಸ ಮಾಡುವವನು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಬಂದ ಬೈಕನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈಹಾಕುವ ಅಭ್ಯಾಸ ಅವನಿಗಿರಲಿಲ್ಲ. ಸೋಮವಾರ ಬೆಳಿಗ್ಗೆ ಹೊಸ ಶಾಕ್ ಬಂದದ್ದೇ ತಡ, ಬೈಕಿನ ಹಿಂಭಾಗವನ್ನು ಜಾಕ್ ಮೇಲೆ ಎತ್ತಿ ನಿಲ್ಲಿಸಿ, ಸೀಟು ಮತ್ತು ಪೆಟ್ಟಿಗೆಗಳನ್ನು ಕಳಚಿ, ಹಳೆಯದರ ಮೇಲಿನ ಬೋಲ್ಟು, ಕೆಳಗಿನ ಬೋಲ್ಟು ಬಿಚ್ಚಿ ಹೊರಗೆಳೆದ. ಅದರ ದಂಡದ ಸುತ್ತ ಎಣ್ಣೆ ಸೋರಿರುತ್ತದೆಂದು ಎಣಿಸಿದ್ದ. ಬೆರಳಾಡಿಸಿದರೆ ಒಣಗಿತ್ತು. ಎರಡೂ ತುದಿ ಹಿಡಿದು ಮೈಭಾರ ಹಾಕಿ ಒತ್ತಿ ಬಿಟ್ಟ. ಆರೋಗ್ಯವಂತನ ಉಸಿರಿನಂತೆ ನಿಧಾನವಾಗಿ, ಒಂದೇ ಸಮನೆ ಮೇಲೆ ಬಂತು. ಇನ್ನೂ ನಾಲ್ಕು ವರ್ಷ ದುಡಿಯುವ ಸಾಮಾನು.

ಹಾಗಾದರೆ ಒದೆಯುತ್ತಿದ್ದದ್ದು ಏನು?

ಅವನು ಚಕ್ರಗಳನ್ನು ಕೈಯಲ್ಲಿ ತಿರುಗಿಸಿ ನೋಡಿದ. ಮುಂದಿನ ರಿಮ್ಮು ಎರಡು ಕಡೆ, ಹಿಂದಿನದು ಮೂರು ಕಡೆ ಒಳಕ್ಕೆ ಮಡಿದಿತ್ತು. ಕಳೆದ ವರ್ಷ ಅವನೇ ಟೈರು ಬದಲಿಸಿದಾಗ ಒಂದು ಗೆರೆಯೂ ಇರಲಿಲ್ಲ. ಕಳಚಿಟ್ಟ ಪೆಟ್ಟಿಗೆಗಳನ್ನು ಬೆಳಕಿಗೆ ತಂದ. ಬಲಗಡೆಯದು ಹೊಸದರಂತಿತ್ತು. ಎಡಗಡೆಯದರ ಮುಂಭಾಗದ ಮೂಲೆ ತರಿದುಹೋಗಿ, ಒಂದರ ಮೇಲೊಂದು ಗೀರು ಕೂತಿದ್ದವು. ಒಂದು ಗೀರಿನಲ್ಲಿ ಯಾವುದೋ ಗೇಟಿನ ಹಸಿರು ಬಣ್ಣ ಮೆತ್ತಿಕೊಂಡಿತ್ತು. ಎಡಗಡೆಯ ಕನ್ನಡಿ ಹೊಸದು. ಎಡಗಡೆಯ ಇಂಡಿಕೇಟರು ಹೊಸದು. ಇವನ್ನು ಹಾಕಿದವನು ತಾನಲ್ಲ. ಭಾವ ಇನ್ನೆಲ್ಲೋ ಹಾಕಿಸಿಕೊಂಡು ಬಂದಿದ್ದರು, ಅದನ್ನು ತನಗೆ ಹೇಳಿಯೂ ಇರಲಿಲ್ಲ.

ವಯಸ್ಸಾಯಿತು, ಕೈ ಅದುರಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹೊಸ ಶಾಕ್ ಕೂರಿಸಿದ.

ಮಧ್ಯಾಹ್ನ ಗಂಡಹೆಂಡತಿ ಇಬ್ಬರೂ ಬಂದರು. ಸ್ಪ್ರಿಂಗನ್ನು ಎಷ್ಟು ಬಿಗಿಮಾಡಬೇಕು ಎಂಬುದು ಇಬ್ಬರೂ ಕೂತಾಗ ಬೈಕು ಎಷ್ಟು ತಗ್ಗುತ್ತದೆ ಎಂಬುದರ ಮೇಲೆ ನಿಂತಿರುತ್ತದೆ. ಮೆಕ್ಯಾನಿಕ್ ಟೇಪು ಹಿಡಿದು ನೆಲಕ್ಕೆ ಕೂತ.

"ನನ್ನ ತೂಕ ನೋಡ್ತಿದ್ದೀಯೇನೋ?" ಎಂದಳು ಅಕ್ಕ ಹತ್ತುತ್ತ.

"ಸ್ಪ್ರಿಂಗ್ ಎಷ್ಟು ಕೂರತ್ತೆ ಅಂತ ನೋಡ್ತಿದ್ದೀನಿ."

"ಎರಡೂ ಒಂದೇ. ಬಾಯಿಬಿಟ್ಟು ಹೇಳ್ಬೇಡ ಅಷ್ಟೇ."

ಭಾವ ನಕ್ಕರು. ಅಳತೆ ಮುಗಿದು ಕೆಳಗಿಳಿದವರು ಎಡಕ್ಕೆ ಎರಡು ಹೆಜ್ಜೆ ಇಟ್ಟದ್ದೇ ಜಾಕಿನ ಉದ್ದನೆಯ ಹಿಡಿಗೆ ಮೊಣಕಾಲು ಬಡಿಯಿತು. ಹಿಡಿಗೆ ಕೆಂಪು ಬಣ್ಣ ಬಳಿದಿತ್ತು, ಹಗಲು ಬೆಳಕು ನೇರವಾಗಿ ಅದರ ಮೇಲೇ ಬಿದ್ದಿತ್ತು. "ಇದನ್ನ ಯಾರು ಇಲ್ಲಿಟ್ಟಿದ್ದು?" ಎಂದು ಭಾವ ಕಾಲು ಉಜ್ಜಿಕೊಂಡರು. ಅಕ್ಕ ತಮ್ಮನ ಮುಖ ನೋಡಲಿಲ್ಲ. ಸೀಟಿನ ಮೇಲಿಲ್ಲದ ಧೂಳು ಕೊಡವುತ್ತಿದ್ದಳು.

"ಬಾ, ಒಂದು ಸುತ್ತು ಹೋಗಿ ಬರೋಣ. ನೀನೇ ಹಿಂದೆ ಕೂತು ನೋಡು," ಎಂದರು ಭಾವ.

ವರ್ಕ್‌ಶಾಪಿನ ಹಿಂದೆ ಗೋದಾಮುಗಳ ಉದ್ದನೆಯ ರಸ್ತೆಯಿದೆ. ಲಾರಿ ಓಡಾಡಿ ಗುಂಡಿಬಿದ್ದ ಆ ರಸ್ತೆಯಲ್ಲೇ ಮೆಕ್ಯಾನಿಕ್ ಎಲ್ಲ ಬೈಕುಗಳ ಪರೀಕ್ಷೆ ಮಾಡುತ್ತಿದ್ದದ್ದು. ಅಲ್ಲಿನ ಒಂದೊಂದು ಗುಂಡಿಯೂ ಅವನಿಗೆ ಪರಿಚಯ. ಭಾವ ಬಲಗಡೆಯ ಗುಂಡಿಗಳನ್ನು ಮೊದಲಿನಂತೆಯೇ ನಾಜೂಕಾಗಿ ತಪ್ಪಿಸಿದರು. ಎಡಗಡೆಯವಕ್ಕೆ ನೇರ ಇಳಿಸಿದರು. ಒಂದು, ಆಮೇಲೆ ಇನ್ನೊಂದು. ಹೊಸ ಶಾಕ್ ಎರಡನ್ನೂ ನುಂಗಿಕೊಂಡಿತು. ಸೀಟಿನ ಕೆಳಗೆ ಯಾರೋ ದಿಂಬು ಅದುಮಿದಷ್ಟೇ ಭಾಸವಾಯಿತು.

"ಗುಂಡಿನೇ ಇಲ್ವಲ್ಲೋ ರಸ್ತೇಲಿ. ಯಾವಾಗ ಮುಚ್ಚಿದ್ರು?" ಭಾವನ ದನಿಯಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು.

ಯಾರೂ ಮುಚ್ಚಿರಲಿಲ್ಲ.  ಮೆಕ್ಯಾನಿಕ್ ಏನಾದರೂ ಹೇಳುವಷ್ಟರಲ್ಲಿ ಮುಂದೆ, ಎಡಗಡೆಯ ಸಂದಿಯಿಂದ ಹೆಂಗಸೊಬ್ಬಳು ಸೈಕಲ್ ತಳ್ಳಿಕೊಂಡು ರಸ್ತೆಗೆ ಬಂದಳು. ಭಾವ ವೇಗ ತಗ್ಗಿಸಲಿಲ್ಲ. ಹಾರ್ನ್ ಮುಟ್ಟಲಿಲ್ಲ. ತಲೆಯನ್ನೂ ಆ ಕಡೆ ಹೊರಳಿಸಲಿಲ್ಲ. ಮೆಕ್ಯಾನಿಕ್ ಅವರ ಹೆಗಲ ಮೇಲಿಂದ ಕೈಚಾಚಿ ಹ್ಯಾಂಡಲ್ಲನ್ನು ಬಲಕ್ಕೆ ಎಳೆದ. ಬೈಕು ಓಲಾಡಿತು. ಸೈಕಲ್ಲಿನ ಬುಟ್ಟಿಗೂ ಅವರ ಮೊಣಕಾಲಿಗೂ ನಡುವೆ ಒಂದು ಗೇಣು ಉಳಿದಿತ್ತೋ ಇಲ್ಲವೋ.

"ಹುಚ್ಚು ಹಿಡೀತೇನೋ ನಿಂಗೆ? ಬೀಳಿಸ್ತಿದ್ದೆಯಲ್ಲ."

"ಆ ಹೆಂಗಸು, ಭಾವ..."

"ಯಾವ ಹೆಂಗಸು?"

ಮೆಕ್ಯಾನಿಕ್ ತಿರುಗಿ ನೋಡಿದ. ಅವಳು ರಸ್ತೆಯ ನಡುವೆ ಸೈಕಲ್ ಹಿಡಿದುಕೊಂಡು ಹಾಗೇ ನಿಂತಿದ್ದಳು.  ಇಷ್ಟು ದಿನ ಗುಂಡಿಗೆ ಬಿದ್ದಾಗಲಾದರೂ ಸೊಂಟಕ್ಕೆ ಏಟು ಬೀಳುತ್ತಿತ್ತು, ಏನೋ ತಪ್ಪಿದ್ದು ಗೊತ್ತಾಗುತ್ತಿತ್ತು. ಇನ್ನು ಮುಂದೆ ಅದೂ ಇಲ್ಲ. ಆ ಏಟು ಮುಟ್ಟಿಸುತ್ತಿದ್ದ ಹಳೆಯ ಶಾಕನ್ನು ತಾನೇ ಕೈಯಾರೆ ಕಿತ್ತು ಮೂಲೆಗಿಟ್ಟಿದ್ದ.

ವರ್ಕ್‌ಶಾಪಿಗೆ ಮರಳಿದ ಮೇಲೆ, ಭಾವ ಕೈತೊಳೆಯಲು ನಲ್ಲಿಯ ಕಡೆ ಹೋದಾಗ ಅವನು ಅಕ್ಕನನ್ನು ಸ್ಪ್ಯಾನರುಗಳ ಗೋಡೆಯ ಪಕ್ಕಕ್ಕೆ ಕರೆದ.

"ಅಕ್ಕ, ಭಾವನಿಗೆ ಎಡಗಡೆ ಕಾಣ್ತಿಲ್ಲ."

ಅವಳು ಗಾಬರಿಯಾಗಲಿಲ್ಲ. ಅದೇ ಅವನಿಗೆ ಇನ್ನಷ್ಟು ಭಯ ಹುಟ್ಟಿಸಿತು.

"ಎಂಟು ತಿಂಗಳಾಯ್ತು," ಎಂದಳು. "ನಾನು ಹೆಗಲು ತಟ್ತೀನಿ. ಒಂದು ಸಲ ತಟ್ಟಿದ್ರೆ ಬಲಕ್ಕೆ ಹೋಗಿ ಅಂತ, ಎರಡು ಸಲ ತಟ್ಟಿದ್ರೆ ನಿಲ್ಲಿ ಅಂತ. ನಾವು ಯಾವತ್ತೂ ಅದರ ಬಗ್ಗೆ ಮಾತಾಡಿಲ್ಲ. ಅವರೂ ಕೇಳಲ್ಲ, ನಾನೂ ಹೇಳಲ್ಲ."

"ಡಾಕ್ಟರ್ ಹತ್ರ?"

"ಕರೆದೆ. ನನ್ನ ಕಣ್ಣಿಗೇನಾಗಿದೆ ಅಂತ ರೇಗಿದ್ರು. ಅವರಿಗೆ ಕತ್ತಲೆ ಕಾಣಲ್ಲ ಕಣೋ. ಅಲ್ಲಿ ಏನೂ ಇಲ್ಲ ಅಂತಲೇ ಕಾಣತ್ತೆ. ಬೈಕು ಬಿಡಿಸಿದ್ರೆ ಮನುಷ್ಯ ಹಾಸಿಗೆ ಹಿಡೀತಾರೆ, ನೀನೇ ನೋಡು."

"ನೀನು ಒಂದು ಸಲ ತಟ್ಟೋದು ತಡವಾದ್ರೆ?"

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಮೂರು ಸಲ ತಡವಾಗಿದೆ," ಎಂದಳು. "ಒಂದು ಸಲ ಏನಕ್ಕೆ ತಾಗ್ತು ಅಂತ ನಂಗೂ ಗೊತ್ತಾಗ್ಲಿಲ್ಲ. ತಿರುಗಿ ನೋಡೋ ಧೈರ್ಯ ಬರಲಿಲ್ಲ."

ಅವಳ ದನಿ ತೀರ ಸಾದಾ ಇತ್ತು.

ಒಂದು ಸಣ್ಣ ಕೆಲಸ ಉಳಿದಿದೆ ಎಂದು ಭಾವನಿಗೆ ಹೇಳಿ ಮೆಕ್ಯಾನಿಕ್ ಬೈಕನ್ನು ತನ್ನಲ್ಲೇ ಇಟ್ಟುಕೊಂಡ. ಮಂಗಳವಾರವೆಲ್ಲ ಅದರ ಮುಂದೆ ಸುಮ್ಮನೆ ಕೂತ. ಬುಧವಾರ ಭಾವ ಬೈಕು ಒಯ್ಯಲು ಬಂದಾಗ ಹಿಂದಿನ ಚಕ್ರ ಬಿಚ್ಚಿಟ್ಟಿದ್ದ, ಶಾಕ್‌ನ ಕೆಳಗಿನ ಬೇರಿಂಗು ಮೇಜಿನ ಮೇಲಿತ್ತು.

"ಬೇರಿಂಗ್ ಸೀಳಿದೆ ಭಾವ. ಹೊಸದು ಬರೋಕೆ ಮೂರು ವಾರ ಆಗತ್ತೆ."

ಭಾವ ಬೇರಿಂಗನ್ನು ಎತ್ತಿ ಕಣ್ಣಿಗೆ ಹಿಡಿಯಲಿಲ್ಲ. ತೋರುಬೆರಳನ್ನು ಅದರೊಳಗೆ ತೂರಿಸಿ ಮೆಲ್ಲಗೆ ತಿರುಗಿಸಿದರು. ಒಂದು ಸುತ್ತು, ಎರಡು ಸುತ್ತು.

"ಇದು ಚೆನ್ನಾಗೇ ಇದೆ," ಎಂದರು. "ನಿಂಗೆ ಸುಳ್ಳು ಹೇಳೋಕೆ ಬರಲ್ಲ. ಚಿಕ್ಕಂದಿನಿಂದ್ಲೂ ಬರಲ್ಲ. ಏನು ವಿಷಯ?"

ಮೆಕ್ಯಾನಿಕ್ ಕೈ ಒರೆಸಿ ಬಟ್ಟೆಯನ್ನು ಮೇಜಿನ ಮೇಲಿಟ್ಟ. ಅಷ್ಟರಲ್ಲಿ ಅಕ್ಕ ಬಂದಳು. ತಮ್ಮ ಇವತ್ತು ಏನಾದರೂ ಮಾಡಿಬಿಡುತ್ತಾನೆ ಎಂದು ಅವಳಿಗೆ ಅನ್ನಿಸಿರಬೇಕು. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಸದ್ದಿಲ್ಲದೆ ಒಳಗೆ ನಡೆದು, ಗಂಡನ ಎಡಕ್ಕೆ, ಒಂದು ತೋಳಿನಷ್ಟು ದೂರದಲ್ಲಿ ನಿಂತಳು. ಭಾವ ಇನ್ನೂ ಮೆಕ್ಯಾನಿಕ್‌ನ ಮುಖವನ್ನೇ ದಿಟ್ಟಿಸುತ್ತಿದ್ದರು.

"ಭಾವ, ತಲೆ ತಿರುಗಿಸಬೇಡಿ," ಎಂದ ಅವನು. "ನಿಮ್ಮ ಎಡಗಡೆ ಯಾರು ನಿಂತಿದ್ದಾರೆ?"

"ಯಾರೂ ಇಲ್ಲ."

"ಸರಿಯಾಗಿ ನೋಡಿ."

"ಗೋಡೆ ಇದೆ. ಯಾರೂ ಇಲ್ಲ ಅಂದ್ನಲ್ಲ. ಏನು ಆಟ ಇದು?"

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಬಳೆ ಸದ್ದಾಯಿತು.

ಭಾವ ತಿರುಗಿದರು. ಕೈಗೆಟುಕುವ ದೂರದಲ್ಲಿ ಹೆಂಡತಿ ನಿಂತಿರುವುದನ್ನು ಕಂಡರು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅವರು ಮತ್ತೆ ನೇರ ಮುಂದಕ್ಕೆ ತಿರುಗಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಎಡಕ್ಕೆ ತಿರುಗಿದರು. ಅವಳು ಮಾಯವಾಗಿ ಮತ್ತೆ ಪ್ರತ್ಯಕ್ಷವಾದದ್ದು ಕಂಡು ಅವರ ಮುಖ ಬಿಳುಪೇರಿತು. ಮೂರನೆಯ ಸಲ ಹಾಗೆ ಮಾಡುವ ಧೈರ್ಯ ಅವರಿಗಾಗಲಿಲ್ಲ. ಬೇರಿಂಗನ್ನು ಬಟ್ಟೆಯ ಮೇಲಿಟ್ಟು ಟೂಲ್ ಪೆಟ್ಟಿಗೆಯ ಮೇಲೆ ಕುಸಿದು ಕೂತರು.

"ಎಷ್ಟು ಜನರನ್ನ..." ಎಂದು ಶುರುಮಾಡಿ ನಿಲ್ಲಿಸಿದರು.  

ಗುರುವಾರ ಪ್ರಯಾಣ ಹೊರಡಬೇಕಿದ್ದ ಹೊತ್ತಿಗೆ ಮೂವರೂ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲಿದ್ದರು. ಕಣ್ಣೊಳಗಿನ ಒತ್ತಡ ಏರಿ ಎಡಗಣ್ಣು ಬಹುತೇಕ ಹೋಗಿದೆ, ಬಲಗಣ್ಣಿನಲ್ಲೂ ಮೂಗಿನ ಕಡೆಯ, ಅಂದರೆ ಎಡಗಡೆಯ, ನೋಟದ ಅಂಚು ಸವೆದಿದೆ ಎಂದರು ಡಾಕ್ಟರು. ಹೋದದ್ದು ವಾಪಸ್ಸು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ದಿನಕ್ಕೆ ಎರಡು ಹೊತ್ತು ಹನಿ ಹಾಕಬೇಕು, ಎಷ್ಟು ಉಳಿಯುತ್ತದೋ ಈಗಲೇ ಹೇಳಲಾಗದು. ಭಾವ ಒಂದೇ ಒಂದು ಪ್ರಶ್ನೆ ಕೇಳಿದರು. "ಎಡಗಣ್ಣು ಹೋಗಿದ್ದು ನಂಗೆ ಗೊತ್ತಾಗ್ಲಿಲ್ಲ. ಬಲಗಣ್ಣು ಹೋಗೋವಾಗ ಗೊತ್ತಾಗತ್ತಾ?" ಡಾಕ್ಟರು ಕಾಗದದ ಮೇಲೆ ಬರೆಯುತ್ತಲೇ, ತಪ್ಪದೆ ಪರೀಕ್ಷೆಗೆ ಬರುತ್ತಿರಿ ಎಂದರು.

ಬೈಕು ಮಾರಿಬಿಡು ಎಂದು ಭಾವನೇ ಹೇಳಿದರು. ಲೈಸೆನ್ಸನ್ನು ಅಕ್ಕನ ಕೈಗಿಟ್ಟರಂತೆ. ಬೈಕು ಕೊಳ್ಳಲು ಬಂದವಳು ಸರ್ವೆ ಕೆಲಸದಾಕೆ, ಬೆಟ್ಟಗುಡ್ಡ ಅಲೆಯುವವಳು. ಗೋದಾಮಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದು, "ರಸ್ತೆ ಮೇಲೆ ಹೋಗ್ತಿದ್ದೀನಿ ಅಂತಲೇ ಅನ್ನಿಸ್ಲಿಲ್ಲ," ಎಂದು ಹೊಗಳಿದಳು. ಮೆಕ್ಯಾನಿಕ್ ಕೀಲಿ ಕೊಡುವಾಗ, ನಿಧಾನವಾಗಿ ಓಡಿಸಿ ಎಂದು ಬೇಕಾದ್ದಕ್ಕಿಂತ ಎರಡು ಸಲ ಹೆಚ್ಚು ಹೇಳಿದ.

ಭಾವ ಹಾಸಿಗೆ ಹಿಡಿಯಲಿಲ್ಲ. ಪೇಪರು ಓದುತ್ತಿದ್ದರು, ಅಕ್ಕನ ಜೊತೆ ಸಂತೆಗೆ ಹೋಗುತ್ತಿದ್ದರು, ಕೋಳಿಯ ಮಾತೊಂದನ್ನು ಬಿಟ್ಟು ಹಳೆಯ ಕತೆಗಳನ್ನೆಲ್ಲ ಹೇಳುತ್ತಿದ್ದರು. ಬಲಗಣ್ಣು ಹೇಗಿದೆ ಎಂದರೆ, "ಫಸ್ಟ್ ಕ್ಲಾಸ್" ಎನ್ನುತ್ತಿದ್ದರು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಕ್ಕ ಒಬ್ಬಳೇ ವರ್ಕ್‌ಶಾಪಿಗೆ ಬಂದಳು. ಮೆಕ್ಯಾನಿಕ್ ಯಾರದೋ ಚಕ್ರದ ಕಡ್ಡಿ ಬಿಗಿಯುತ್ತಿದ್ದ. ಅವಳು ಸ್ಟೂಲಿನ ಮೇಲೆ ಕೂತು, ಅವನ ಕೆಲಸವನ್ನೇ ನೋಡತೊಡಗಿದಳು.

"ಏನಕ್ಕ?"

"ಏನಿಲ್ಲ." ಕೆಳಗೆ ಬಿದ್ದಿದ್ದ ಒಂದು ಕಡ್ಡಿ ಎತ್ತಿ ಅವನ ಕೈಗಿಟ್ಟಳು. "ನಿನ್ನೆ ನಾನು ಅಡುಗೆಮನೇಲಿದ್ದೆ. ನಿಮ್ಮ ಭಾವ ಮಹಡಿಯಿಂದ ಇಳೀತಿದ್ರು. ಬಾಯೊಳಗೇ ಏನೋ ಹೇಳಿಕೊಳ್ತಿದ್ರು. ಹಾಡು ಅಂದ್ಕೊಂಡೆ. ಕಿವಿಗೊಟ್ಟು ಕೇಳಿದೆ."

"ಏನು?"

"ಮೆಟ್ಟಿಲು ಎಣಿಸ್ತಿದ್ರು."

ಅವನ ಕೈಯಲ್ಲಿದ್ದ ಚಕ್ರ ತಾನೇ ತಿರುಗಿ ತಿರುಗಿ ನಿಧಾನವಾಗಿ ನಿಂತಿತು. ಮೆಕ್ಯಾನಿಕ್ ಎದ್ದು ಕೈ ಒರೆಸಿಕೊಂಡು, ಭಾವನನ್ನು ಆಸ್ಪತ್ರೆಗೆ ಕರೆದೊಯ್ಯಲು ಅಂಗಡಿಯ ಬಾಗಿಲು ಎಳೆದ.