ಏಳುನೂರ ನಲವತ್ತು ಗಜದ ನಳಿಗೆ

ಕೀತ್ ಪೆಂಗಿಲಿ ನನ್ನ ಶೆಡ್ಡಿಗೆ ಬಂದದ್ದು ಸೆಪ್ಟೆಂಬರಿನ ಒಂದು ಮಂಗಳವಾರ ಬೆಳಿಗ್ಗೆ. ಬರ್ರಾ ಊರಿನ ಹೊರಗೆ, ಅಪ್ಪ ಬಿಟ್ಟುಹೋದ ಆ ತಗಡಿನ ಶೆಡ್ಡಿನಲ್ಲಿ ನಾನು ಕೋವಿ ಕಟ್ಟುತ್ತೇನೆ. ದೂರದ ಹಲಗೆಗೆ ಗುರಿಯಿಡುವ ಸ್ಪರ್ಧೆಯವರ ಕೋವಿಗಳು ಮಾತ್ರ. ಕೀತ್ ಅಪ್ಪನ ಗೆಳೆಯರು. ಮೂವತ್ತು ವರ್ಷ ನಮ್ಮ ಕ್ಲಬ್ಬಿನಲ್ಲಿ ಸಾವಿರ ಗಜಕ್ಕೆ ಹೊಡೆದವರು. ನಾಲ್ಕು ವರ್ಷದ ಹಿಂದೆ ರೀಸ್ ಕೊಲ್ಮಾನ್ ಎಂಬವನು ಕುಡಿದು ಟ್ರಕ್ಕು ಓಡಿಸಿ ಅವರ ಮಗಳು ಟೆಗನ್‌ಳ ಕಾರಿಗೆ ಗುದ್ದಿದ. ಅವಳು ಅಲ್ಲೇ ಸತ್ತಳು. ಆಮೇಲೆ ಕೀತ್ ಮೈದಾನದ ಕಡೆ ತಲೆ ಹಾಕಿರಲಿಲ್ಲ.

"ನನ್ನ ಕೋವಿಯ ನಳಿಗೆ ಸವೆದುಹೋಗಿದೆ ಹೆಡಿ. ಹೊಸದೊಂದು ಹಾಕ್ಕೊಡು," ಅಂದರು.

ಮತ್ತೆ ಹೊಡೆಯಲು ಬರುತ್ತಾರಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಯಿತು. ಚಹಾಕ್ಕೆ ನೀರಿಟ್ಟೆ. ಎಣ್ಣೆ ಕಾಗದ ಬಿಚ್ಚಿ ಮೂರು ನಳಿಗೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅವರು ಒಂದೊಂದನ್ನೇ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ಸುರುಳಿ ಗೀರುಗಳನ್ನು ಒಂದೇ ಕಣ್ಣಲ್ಲಿ ನೋಡಿದರು.

"ಮೂವತ್ತು ಇಂಚು, ದಪ್ಪಂದು. ಹಳೇದರ ಹಾಗೇನೇ, ಅಲ್ವಾ?" ಎಂದೆ.

"ಬೇಡ. ಇಪ್ಪತ್ನಾಲ್ಕು ಸಾಕು. ತೆಳ್ಳಗಿರಲಿ."

"ತೆಳ್ಳಗಿದ್ರೆ ಹತ್ತು ಗುಂಡಿಗೆಲ್ಲ ಕಾದು ಎಲ್ಲೆಲ್ಲೋ ಹೋಗತ್ತೆ."

"ಹತ್ತು ಯಾರು ಹೊಡೀತಾರೆ?"

ತಮಾಷೆ ಎಂದುಕೊಂಡು ನಕ್ಕೆ. "ಮಲಗಿ ಹೊಡೆಯೋರಿಗೆ ತೂಕ ಇದ್ದಷ್ಟೂ ಒಳ್ಳೇದು ಅಂತ ನಂಗೆ ಹೇಳ್ಕೊಟ್ಟೋರು ಯಾರು? ನೀವೇ ತಾನೆ?"

"ಈಗ ಬೆನ್ನಿಗೆ ಹಾಕ್ಕೊಂಡು ದಿಬ್ಬ ಹತ್ಬೇಕು. ಮೊಣಕಾಲು ಕೇಳಲ್ಲ."

ನಮ್ಮ ಮೈದಾನದಲ್ಲಿ ದಿಬ್ಬವಿಲ್ಲ. ಗೋಧಿ ಹೊಲಗಳ ನಡುವೆ ಅಂಗೈಯಂತೆ ಸಮತಟ್ಟಾದ ಜಾಗ ಅದು. ನಾನು ಚಹಾ ಬಗ್ಗಿಸಿದೆ.

"ಒಂದು ಕೇಳ್ಬೇಕಿತ್ತು," ಅಂದರು. "ನಳಿಗೆ ತಣ್ಣಗಿರುವಾಗ ಮೊದಲ್ನೇ ಗುಂಡು ಗುರಿ ಇಟ್ಟಲ್ಲಿಗೇ ಹೋಗತ್ತಾ?"

"ಅದ್ಯಾಕೆ ಚಿಂತೆ? ಲೆಕ್ಕಕ್ಕಿಲ್ಲದ ಎರಡು ಗುಂಡು ಮೊದಲು ಬಿಡ್ತಾರಲ್ಲ."

"ಬಿಡದೇ ಇದ್ರೆ?"

"ಎಷ್ಟು ದೂರಕ್ಕೆ?"

"ಏಳುನೂರ ನಲವತ್ತು."

ನಮ್ಮಲ್ಲಿ ಏಳುನೂರು ಗಜದಲ್ಲಿ ಮಲಗಿ ಹೊಡೆಯುವ ಕಟ್ಟೆಯೊಂದಿದೆ, ಎಂಟುನೂರರಲ್ಲಿ ಇನ್ನೊಂದು. ಏಳುನೂರ ನಲವತ್ತರಿಂದ ಯಾರೂ ಎಲ್ಲೂ ಸ್ಪರ್ಧೆ ನಡೆಸುವುದಿಲ್ಲ. ಕೀತ್‌ಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಅವರು ನಡುವಿನ ನಳಿಗೆಯ ಮೇಲೆ ಕೈಯಿಟ್ಟರು. ಅದರ ಗೀರುಗಳ ತಿರುವು ಬಿಗಿ. ಭಾರದ ಗುಂಡನ್ನು ಜೋರಾಗಿ ತಿರುಗಿಸಿ ನೆಟ್ಟಗೆ ಕಳಿಸುವಂಥದ್ದು.

"ಇದೇ. ಗಾಳಿಗೆ ಜಗ್ಗಲ್ಲ. ಯಾವಾಗ ಕೊಡ್ತೀಯ?"

ಮೂರು ವಾರದ ಕೆಲಸ. "ಎರಡು ತಿಂಗಳಾಗತ್ತೆ," ಎಂದೆ.

"ಅಷ್ಟೊತ್ತಿಗೆ ಬೇಸಿಗೆ ಬಂದು ಬಿಸಿಲಿನ ಝಳ ಎದ್ದು ಏನೂ ಕಾಣಲ್ಲ. ಬೇಗ ಮಾಡು ಮಗಳೇ."

ಅವರು ಯಾವತ್ತೂ ನನ್ನನ್ನು ಹಾಗೆ ಕರೆದವರಲ್ಲ.

ಮಧ್ಯಾಹ್ನ ಬೇಕರಿಗೆ ಹೋದಾಗ ಅಲ್ಲಿಯ ಗ್ವೆಂಡಾ ಮಾಂಸದ ಹೂರಣದ ಪ್ಯಾಸ್ಟಿ ಕಟ್ಟಿಕೊಡುತ್ತಾ ಹೇಳಿದಳು: "ಕೊಲ್ಮಾನ್ ಜೈಲಿಂದ ಹೊರಗೆ ಬಂದಿದಾನೆ, ಗೊತ್ತಾಯ್ತಾ? ಅಮ್ಮನ ಮನೇಲಿದಾನೆ. ಮುಖ ತೋರ್ಸಕ್ಕೆ ನಾಚಿಕೆ ಆಗಲ್ವಾ ಅಂತೀನಿ."

ಪ್ಯಾಸ್ಟಿಯನ್ನು ನಾನು ತಿನ್ನಲಿಲ್ಲ. ದೂರ ಅಳೆಯುವ ದುರ್ಬೀನು ತೆಗೆದುಕೊಂಡು ಕೀತ್‌ರ ಜಮೀನಿನ ಕಡೆ ಹೊರಟೆ. ಬುಧವಾರದ ಕುರಿ ಸಂತೆಗೆಂದು ಅವರು ಆಗಲೇ ಹೋಗಿದ್ದರು. ಮನೆಯ ಹಿಂದಿನ ದಿಬ್ಬ ಹತ್ತಿದೆ. ತುದಿಯಲ್ಲಿ, ಬಂಡೆಯ ಮಗ್ಗುಲಲ್ಲಿ, ಹುಲ್ಲು ಒಂದಾಳುದ್ದ ಮಲಗಿತ್ತು. ಮೊಣಕೈ ಊರಿದ ಕಡೆ ಮಣ್ಣು ಕಾಣುತ್ತಿತ್ತು. ಒಂದೆರಡು ದಿನದ ಗುರುತಲ್ಲ ಅದು. ಕೆಳಗೆ, ಹಳ್ಳದಾಚೆ, ಕೊಲ್ಮಾನ್‌ರ ಮನೆಯ ವರಾಂಡ. ದುರ್ಬೀನಿನ ಗುಂಡಿ ಒತ್ತಿದೆ. ಏಳುನೂರ ನಲವತ್ತು ಎಂದು ಅಂಕಿ ಮೂಡಿತು. ವರಾಂಡದಲ್ಲಿ ಆ ತಾಯಿ ಹಾಸಿಗೆಯ ಬಟ್ಟೆ ಒಣಗಿಸುತ್ತಿದ್ದಳು. ಮಗ ನಲ್ಲಿಯ ಹತ್ತಿರ ನಾಯಿಗೆ ಸ್ನಾನ ಮಾಡಿಸುತ್ತಿದ್ದ.

ಶೆಡ್ಡಿಗೆ ಮರಳಿದವಳೇ ಗೋಡೆಯಿಂದ ಇನ್ನೊಂದು ನಳಿಗೆ ಇಳಿಸಿದೆ. ಅದರ ತಿರುವು ಸಡಿಲ. ಭಾರದ ಗುಂಡು ಹಾಕಿದರೆ ಅಷ್ಟು ದೂರದಲ್ಲಿ ದಾರಿ ತಪ್ಪಿ ಹೊರಳಾಡುತ್ತದೆ. ಹೊರಗಿನಿಂದ ನೋಡಿದರೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಯಾರಿಗೂ ಹೇಳದೆ, ಅಪ್ಪನ ಗೆಳೆಯನನ್ನು ಹಿಡಿದುಕೊಡದೆ, ಇದನ್ನೇ ಜೋಡಿಸಿಬಿಟ್ಟರೆ? ಅದನ್ನು ಲೇತಿಗೆ ಕಚ್ಚಿಸಿಯೂ ಬಿಟ್ಟೆ. ಅಷ್ಟರಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸಿನ ಎತ್ತಿದ ಕೈಗಳು ಕಣ್ಣಿಗೆ ಕಟ್ಟಿದವು. ದಾರಿ ತಪ್ಪಿದ ಗುಂಡೂ ಎಲ್ಲೋ ಒಂದು ಕಡೆ ಹೋಗಿ ನಾಟಲೇಬೇಕು. ಲೇತ್ ಆರಿಸಿ, ಕೈ ಒರೆಸಿಕೊಂಡು, ಠಾಣೆಯ ಸಾರ್ಜೆಂಟ್‌ಗೆ ಫೋನು ಮಾಡಿದೆ.

ಮರುದಿನ ಕೀತ್ ಸಂತೆಯಿಂದ ಮರಳುತ್ತಲೇ ಅವರ ಕಪಾಟಿನಿಂದ ನಾಲ್ಕು ಕೋವಿಗಳನ್ನು ಪೊಲೀಸರು ಒಯ್ದರು. ಪರವಾನಗಿಯೂ ಹೋಯಿತು. ವಾರದೊಳಗೆ ರೀಸ್ ಪೋರ್ಟ್ ಅಗಸ್ಟಾದಲ್ಲಿದ್ದ ಮಾವನ ಮನೆಗೆ ಹೊರಟುಹೋದ. ಎಲ್ಲಿಗೆ ಎಂದು ಸಾರ್ಜೆಂಟ್ ನನ್ನೊಬ್ಬಳಿಗೇ ಹೇಳಿದ್ದರು.

ನವೆಂಬರಿನಲ್ಲಿ ಕೀತ್ ಬಂದರು. ಗಡ್ಡ ಬಿಟ್ಟಿದ್ದರು. ಕೂರಿ ಎನ್ನುವ ಮೊದಲೇ ಕೂತರು.

"ನೀನೇ ತಾನೆ?"

"ಹೌದು."

"ನಿಮ್ಮಪ್ಪ ಇದ್ದಿದ್ರೆ ನಂಗೇ ಬಂದು ಹೇಳ್ತಿದ್ದ."

"ಹೇಳಿದ್ರೆ ಕೇಳ್ತಿದ್ರಾ?"

ಮೇಜಿನ ಮೇಲಿನ ಕಬ್ಬಿಣದ ಪುಡಿಯನ್ನು ಬೆರಳಿನಿಂದ ಒಂದು ಕಡೆ ಗುಡಿಸುತ್ತಾ ಕೂತರು. "ಹೊಡೀತಿದ್ನೋ ಇಲ್ವೋ ನಂಗೇ ಗೊತ್ತಿಲ್ಲ ಹೆಡಿ. ದಿನಾ ಹೋಗಿ ನೋಡ್ತಿದ್ದೆ ಅಷ್ಟೇ. ಅವನು ತಿನ್ನೋದು, ನಗೋದು," ಅಂದರು. ಆಮೇಲೆ ತಲೆಯೆತ್ತಿ, "ಎಲ್ಲಿಗೆ ಹೋದ?" ಎಂದು ಕೇಳಿದರು.

"ನಂಗೊತ್ತಿಲ್ಲ."

ನನ್ನ ಮುಖವನ್ನೇ ನೋಡಿದರು. "ನಿಂಗೆ ಸುಳ್ಳು ಹೇಳಕ್ಕೆ ಬರಲ್ಲ," ಎಂದು ಎದ್ದರು.

ಅವರ ಗಾಡಿ ಮನೆಯ ಕಡೆ ತಿರುಗಲಿಲ್ಲ. ಪೋರ್ಟ್ ಅಗಸ್ಟಾ ಕಡೆಗಿನ ಉತ್ತರದ ಹೆದ್ದಾರಿ ಹಿಡಿಯಿತು. ಧೂಳು ಅಡಗುವ ಮೊದಲೇ ನಾನು ಮತ್ತೆ ಫೋನೆತ್ತಿದ್ದೆ. ಟೆರೋವೀ ಊರು ದಾಟುವಷ್ಟರಲ್ಲಿ ಪೊಲೀಸರು ತಡೆದರಂತೆ. ಗಾಡಿಯಲ್ಲಿ ಕೋವಿ ಇರಲಿಲ್ಲ. ಜೇಬಿನಲ್ಲಿ ಒಂದು ಚೀಟಿ, ಅದರ ಮೇಲೆ ಪೋರ್ಟ್ ಅಗಸ್ಟಾದ ಆ ಮಾವನ ವಿಳಾಸ, ಯಾರು ಕೊಟ್ಟಿದ್ದೋ. ಅಂದರೆ, ಎಲ್ಲಿಗೆ ಹೋದ ಎಂದು ನನ್ನನ್ನು ಕೇಳುವಾಗಲೇ ಅವರಿಗೆ ಗೊತ್ತಿತ್ತು.

ರೀಸ್‌ನ ಹತ್ತಿರ ಸುಳಿಯಬಾರದೆಂದು ಈಗ ನ್ಯಾಯಾಲಯದ ಆದೇಶವಿದೆ. ಕೀತ್ ಮನೆಯಲ್ಲೇ ಇದ್ದಾರೆ. ಅಲ್ಲಿ ನನಗೇನೂ ಕೆಲಸವಿಲ್ಲದಿದ್ದರೂ ವಾರಕ್ಕೆರಡು ಸಲ ಆ ರಸ್ತೆಯಲ್ಲಿ ಹೋಗಿ, ಗಾಡಿ ಅಂಗಳದಲ್ಲಿದೆಯೇ ಎಂದು ನೋಡಿ ಬರುತ್ತೇನೆ.