ಯಾರ ಮೊಣಕೈಗೂ ಸಿಗದ ಮೇಜು

ಲಾಂಡ್ರಿಯ ಇಸ್ತ್ರಿ ಕೋಣೆಗೆ ಹೊಸ ಮೇಜು ಬಂದು ನಿಂತಿತ್ತು. ಐದು ಜನ ಸಾಲಾಗಿ ನಿಂತು ಇಸ್ತ್ರಿ ಮಾಡುವಷ್ಟು ಉದ್ದ. ಮಾಡಿದವನು ಬಡಗಿ, ಮಾಡಿಸಿದವಳು ಅಲ್ಲೇ ಕೆಲಸ ಮಾಡುವ ಅವನ ಅಕ್ಕ. ಹಳೇ ಮೇಜು ತೀರ ಎತ್ತರವಿದ್ದು ಅವಳ ಬಲಭುಜ ಹಿಡಿದುಕೊಂಡುಬಿಟ್ಟಿತ್ತು. ಇನ್ನೊಂದು ಸಲ ಹೀಗಾದರೆ ಇಸ್ತ್ರಿಪೆಟ್ಟಿಗೆ ಮುಟ್ಟುವ ಹಾಗೇ ಇಲ್ಲ ಎಂದಿದ್ದರು ಡಾಕ್ಟರು. ಮುಟ್ಟದವರಿಗೆ ಆ ಕೋಣೆಯಲ್ಲಿ ಕೆಲಸವೆಲ್ಲಿ? ಅದಕ್ಕೇ ಬಡಗಿ ಈ ಮೇಜಿಗೆ ಮೈಯೆಲ್ಲ ಕಣ್ಣಾಗಿ ದುಡಿದಿದ್ದ.

ಅಕ್ಕ ಒಂದು ಅಂಗಿ ಹರವಿ ಪೆಟ್ಟಿಗೆ ಒತ್ತಿದಳು. ಭುಜ ಸೀದಾ ಕಿವಿಯ ಕಡೆ ಏರಿತು.

“ಏನೋ ಇದು? ಹಳೇ ಮೇಜಿನ ತಮ್ಮನನ್ನೇ ಕರ್ಕೊಂಡು ಬಂದಿದ್ದೀಯಲ್ಲ!”

“ಹಾಗಾಗೋಕೆ ಸಾಧ್ಯವೇ ಇಲ್ಲಕ್ಕ. ಐದೂ ಜನರ ಮೊಣಕೈ ನೆಲದಿಂದ ಎಷ್ಟು ಎತ್ತರ ಅಂತ ಅಳೆದು, ಕೂಡಿಸಿ, ಐದರಿಂದ ಭಾಗಿಸಿದ್ದೀನಿ. ಸರಾಸರಿ ಮೂವತ್ತೊಂಬತ್ತು ಇಂಚು.”

“ಹಾಗಾದ್ರೆ ನನ್ನ ಭುಜ ಸುಳ್ಳು ಹೇಳ್ತಿದೆಯಾ?”

ಬಡಗಿ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಮತ್ತೆ ಕೂಡಿಸಿದ. ಲೆಕ್ಕ ಸರಿ, ಮೇಜು ತಪ್ಪು. ಇದೆಂಥ ವಿಚಿತ್ರ! ಕೋಪ ಬರುವ ಬದಲು ಅವನಿಗೆ ಕುತೂಹಲ ಹತ್ತಿತು. ಐವರನ್ನೂ ಗೋಡೆಗೆ ಒತ್ತಿ ನಿಲ್ಲಿಸಿ ಮೊಣಕೈ ಇದ್ದಲ್ಲಿ ಸೀಮೆಸುಣ್ಣದ ಗೆರೆ ಎಳೆದ. ಮೂವತ್ತೈದು, ಮೂವತ್ತಾರು, ಮತ್ತೆ ಮೂವತ್ತಾರು, ಮೂವತ್ತೇಳು. ಆಮೇಲೆ ಎಲ್ಲರೂ ‘ಕಂಬ’ ಎಂದು ಕರೆಯುವ ಆಸಾಮಿ: ಐವತ್ತೊಂದು. ಕೊನೆಗೆ ತನ್ನ ಮೂವತ್ತೊಂಬತ್ತರ ಗೆರೆಯನ್ನೂ ಎಳೆದು ಹಿಂದೆ ಸರಿದು ನೋಡಿದ.

“ಈ ಗೆರೆ ಯಾರದು?” ಅಂದಳು ಅಕ್ಕ.

“ಎಲ್ಲರದೂ.”

“ಎಲ್ಲಿ, ಒಬ್ಬರನ್ನ ತೋರಿಸು. ನಾವು ನಾಲ್ಕು ಜನ ಅದರ ಕೆಳಗಿದ್ದೀವಿ. ಕಂಬ ಮೇಲೆಲ್ಲೋ ಮೋಡದಲ್ಲಿದ್ದಾನೆ.”

ಬಡಗಿ ತಲೆ ಕೆರೆದುಕೊಂಡ. “ಕಂಬಣ್ಣ, ಆ ಸ್ಟೂಲ್ ಹತ್ತಿ.”

“ಇನ್ನೂ ಎತ್ತರ ಆಗ್ಬೇಕಾ ನಾನು?” ಎನ್ನುತ್ತಲೇ ಕಂಬ ಹದಿನೈದು ಇಂಚಿನ ಸ್ಟೂಲ್ ಹತ್ತಿ, ಫ್ಯಾನಿಗೆ ಹೆದರಿ ಕತ್ತು ಬಗ್ಗಿಸಿದ. ಬಡಗಿ ಭಾಗಿಸಿದ. ಸರಾಸರಿ ನಲವತ್ತೆರಡು!

“ನೋಡಿದ್ರಾ! ಒಬ್ಬ ಸ್ಟೂಲ್ ಹತ್ತಿದ್ರೆ ಮೇಜೂ ಹಿಂದೆಯೇ ಹತ್ತುತ್ತೆ. ಮಿಕ್ಕವರು ಇದ್ದಲ್ಲೇ ಇದ್ದೀರಿ.”

“ಹಾಗಾದ್ರೆ ಕಂಬ ಹತ್ತಿದ್ರೂ ಅಲುಗಾಡದ ಗೆರೆ ಯಾವುದಿದೆ?” ಅಂದಳು ಅಕ್ಕ.

ಬಡಗಿಯ ಬೆರಳು ಕೆಳಗಿನಿಂದ ಒಂದೊಂದೇ ಗೆರೆ ಮುಟ್ಟುತ್ತ ಏರಿ ಮೂರನೆಯದರಲ್ಲಿ ನಿಂತಿತು. ಎಣಿಕೆಯಲ್ಲಿ ಇದರ ಹಿಂದೆ ಇಬ್ಬರು, ಮುಂದೆ ಇಬ್ಬರು. ಮೂವತ್ತಾರು. ಕಂಬ ಸ್ಟೂಲ್ ಅಲ್ಲ, ಮಾಳಿಗೆಯನ್ನೇ ಹತ್ತಿದರೂ ಈ ನಡುವಿನ ಗೆರೆ ಕದಲುವುದಿಲ್ಲ.

“ಶಾಲೇಲಿ ಇದನ್ನ ಮಧ್ಯಾಂಕ ಅಂತಿದ್ರು ಕಣೋ. ಬಾಯಿಪಾಠ ಮಾಡಿ ಬರೆದು ಬಂದಿದ್ದೆ.” ಅಕ್ಕ ನಕ್ಕಳು. “ಸರಿ, ಸರಾಸರೀನ ಎಲ್ಲಿ ಬಿಸಾಕೋಣ?”

“ಬಿಸಾಕ್ಬೇಡ. ಐವರಿಗೂ ಏಪ್ರನ್ ಬಟ್ಟೆ ಒಟ್ಟು ಎಷ್ಟು ಬೇಕು ಅಂದ್ರೆ ಸರಾಸರೀನೇ ಬೇಕು, ಐದರಿಂದ ಗುಣಿಸಿದ್ರೆ ಆಯ್ತು. ಅಲ್ಲಿ ಕಂಬಣ್ಣನ ಉದ್ದ ಬಿಟ್ರೆ ಬಟ್ಟೆ ಸಾಲಲ್ಲ. ಇಲ್ಲಿ ಬೇಕಾಗಿರೋದು ಹೆಚ್ಚು ಜನರ ಭುಜಕ್ಕೆ ಒಗ್ಗೋ ಒಂದು ಎತ್ತರ.”

ಮೇಜನ್ನು ಮಗುಚಿ ನಾಲ್ಕೂ ಕಾಲಿನಿಂದ ಮೂರು ಮೂರು ಇಂಚು ಗರಗಸದಿಂದ ಕೊಯ್ದು ತೆಗೆದ. ಉದ್ದ ಕಾಲನ್ನಾದರೆ ಕೊಯ್ಯಬಹುದು, ಮೊದಲೇ ಗಿಡ್ಡ ಮಾಡಿದ್ದರೆ ಏನು ಗತಿ ಎಂದು ನೆನೆದು ಬೆವರು ಒರೆಸಿಕೊಂಡ.

“ನನ್ನ ಪಾಡು?” ಕಂಬ ಸ್ಟೂಲ್ ಇಳಿಯುತ್ತ ಕೇಳಿದ. “ಹುಟ್ಟಿದಾಗಿನಿಂದ ಬಗ್ಗೀ ಬಗ್ಗೀ ಅಭ್ಯಾಸ ಇದೆ ಬಿಡಿ, ಆದ್ರೂ ಕೇಳ್ತೀನಿ.”

ಬಡಗಿ ಕತ್ತರಿಸಿ ಬಿದ್ದ ನಾಲ್ಕು ತುಂಡುಗಳನ್ನು ಆಯ್ದುಕೊಂಡ. ಮೇಜಿನ ಒಂದು ತುದಿಯ ಮೇಲೆ ಅವನ್ನು ನಿಲ್ಲಿಸಿ, ಮೇಲೊಂದು ಹಲಗೆ ಜಡಿದ. ಕಂಬ ಅಲ್ಲಿ ಪೆಟ್ಟಿಗೆ ಇಟ್ಟು ನೋಡಿದ.

“ಮೂರಿಂಚು ಕಡಿಮೆ ಬಗ್ಗಿದೆ. ನನ್ನ ಪಾಲಿಗೆ ಇದೇ ಬೆಟ್ಟ.”

ಆ ಹೊತ್ತಿಗೆ ಅಕ್ಕ ಅದೇ ಅಂಗಿಯ ಕಾಲರ್ ತಿಕ್ಕುತ್ತಿದ್ದಳು. ಬಡಗಿ ಪೆಟ್ಟಿಗೆಯನ್ನು ನೋಡಲಿಲ್ಲ, ಅಂಗಿಯನ್ನೂ ನೋಡಲಿಲ್ಲ. ಅವಳ ಭುಜವನ್ನೇ ನೋಡುತ್ತ ನಿಂತ. ಎರಡನೇ ಅಂಗಿ, ಮೂರನೇ ಅಂಗಿ. ಭುಜ ಇದ್ದಲ್ಲೇ ಇತ್ತು.

“ಏನೋ ಹಾಗೆ ದಿಟ್ಟಿಸ್ತೀಯ?” ಅಂದಳು ಅಕ್ಕ. “ಇನ್ನೊಂದು ಅಂಗಿ ಕೊಡು ಇತ್ತ.”