ಹಸಿರು ಬಂದ್ರೆ ಆಯ್ತು

“ಕೆಂಪು ಬೇಡ ಕಣಮ್ಮಾ. ಕೆಂಪು ಕಂಡ್ರೆ ಜನ ಹೌಹಾರಿ ಫೋನ್ ಮಾಡ್ತಾರೆ. ಎಲ್ಲಾನೂ ಹಸಿರು ಮಾಡು. ಬಂತು, ಹೋಯ್ತು ಅನ್ನೋ ಹಾಗಿರ್ಲಿ.”

ಹೀಗೆಂದವರು ಕಣ್ಣಾಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುವ ಕಚೇರಿಯ ಮ್ಯಾನೇಜರು. ಮಾತು ಅಷ್ಟು ನುಣುಪೆಂದು ಬೆನ್ನ ಹಿಂದೆ ಎಲ್ಲರಿಗೂ ಅವರು ಬೆಣ್ಣೆ ಸಾರ್. ಜನ ಗುಂಡಿ ಒತ್ತಿದಾಗ ಪರದೆಯ ಮೂಲೆಯಲ್ಲಿ ಇಣುಕುವ ಸಂದೇಶಗಳಿಗೆ ಬಣ್ಣ, ಅಳತೆ, ಆಯುಷ್ಯ ಕೊಡುವುದು ಅವರ ಕೈಕೆಳಗಿದ್ದ ಹುಡುಗಿಯ ಕೆಲಸ.

“ಸಾರ್, ‘ದಾಖಲಾಗಿಲ್ಲ’ ಅನ್ನೋದೂ ಹಸಿರೇ?”

“ಅದೇ ಮೊದಲು!”

ಸಂಬಳ ಕೊಡುವವರೆದುರು ಎಷ್ಟೂಂತ ಹಟ ಹಿಡಿಯುವುದು? ಮಾಡಿಕೊಟ್ಟಳು: ಎಲ್ಲವೂ ಹಸಿರು, ಎರಡೇ ಕ್ಷಣ ಆಯುಷ್ಯ. ದೂರಿನ ಫೋನುಗಳು ನಿಂತವು. ಬೆಣ್ಣೆ ಸಾರ್ ಕೇಕ್ ತರಿಸಿದರು. ಅವಳೂ ಒಂದು ತುಂಡು ತಿಂದಳು.

ಮನೆಯಲ್ಲಿ ಅಮ್ಮನ ಬಲಗಣ್ಣು ದಿನೇದಿನೇ ಮಸುಕಾಗುತ್ತಿತ್ತು. ಈ ತಿಂಗಳೇ ಆಪರೇಷನ್ ಆಗದಿದ್ದರೆ ಆ ಕಣ್ಣಿನ ಆಸೆ ಬಿಡಿ ಎಂದಿದ್ದರು ಅದೇ ಕಣ್ಣಾಸ್ಪತ್ರೆಯ ಡಾಕ್ಟರು. “ದಿನ ಗೊತ್ತು ಮಾಡೋದು ಫೋನಲ್ಲಿ ನಾನೇ ಮಾಡ್ತೀನಿ, ನೀನು ಆಫೀಸಿಗೆ ನಡಿ,” ಎಂದು ಅಮ್ಮನದು ಒಂದೇ ಪಟ್ಟು. ಫೋನ್ ಕಲಿಸುವಾಗ ಮಗಳೇ ಹೇಳಿಕೊಟ್ಟಿದ್ದಳು: “ಕೆಂಪು ಬಂದ್ರೆ ನನಗೆ ಹೇಳು. ಹಸಿರು ಬಂದ್ರೆ ಆಯ್ತು ಅಂತ ತಿಳ್ಕೋ.”

ಸಂಜೆ ಕೇಳಿದಳು. “ಆಯ್ತೇನಮ್ಮಾ?”

“ಹೂಂ ಕಣೆ, ಹಸಿರು ಬಂತು.”

ಅವಳಿಗೂ ನಿರಾಳವಾಯಿತು. ಅದು ತಾನೇ ಬಳಿದ ಹಸಿರೆಂದು ತಲೆಗೆ ಹೊಳೆಯಲೇ ಇಲ್ಲ.

ಅಮ್ಮ ಆರಿಸಿದ್ದ ದಿನ ಆಸ್ಪತ್ರೆಗೆ ಹೋದರೆ ಕೌಂಟರಿನಾಕೆ ಕಂಪ್ಯೂಟರಿನಿಂದ ಕಣ್ಣು ಕೀಳದೆ ಅಂದಳು: “ಈ ಹೆಸರೇ ಇಲ್ವಲ್ಲಮ್ಮಾ. ಈ ತಿಂಗಳದ್ದೆಲ್ಲ ಭರ್ತಿ.” ಕೈಮುಗಿದದ್ದೂ ಆಯಿತು, ಜಗಳವಾಡಿದ್ದೂ ಆಯಿತು. ಯಾರೂ ಜಗ್ಗಲಿಲ್ಲ.

ತಾಯಿ ಮಗಳು ಹೊರಗಿನ ಬೆಂಚಿನ ಮೇಲೆ ಕೂತರು.

“ಏನೋ ಬರೆದಿತ್ತು ಕಣೆ. ‘ನಿಮ್ಮ ಕೋರಿಕೆ’ ಅನ್ನೋವರೆಗೆ ಓದ್ದೆ, ಅಷ್ಟರಲ್ಲಿ ಮಾಯ! ನಂದು ಆಮೆ ಓದು. ನೀನ್ಯಾಕೆ ಮುಖ ಸಣ್ಣ ಮಾಡ್ಕೋತೀಯ?”

“ಅದನ್ನ ಹಾಗೆ ಮಾಡಿದ್ದು ನಾನೇ ಅಮ್ಮಾ.”

ಅಮ್ಮ ಸೆರಗಿನ ತುದಿಯಿಂದ ಬಲಗಣ್ಣು ಒರೆಸಿಕೊಂಡಳು. “ಯಾರೂ ಓದಬಾರದು ಅಂತಾನೇ ಮಾಡಿದ್ರಾ?”



ಅಮ್ಮನ ಮಡಿಲಲ್ಲಿ ಫೋನ್ ಸದ್ದು ಮಾಡಿತು. ‘ನಮ್ಮ ಸೇವೆ ನಿಮಗೆ ಹೇಗನಿಸಿತು?’ ಕೆಳಗೆ ಸಾಲಾಗಿ ನಕ್ಷತ್ರಗಳು. ಉತ್ತರ ಒತ್ತುವವರೆಗೂ ಅಲುಗದಂತೆ ಅದನ್ನು ಕಟ್ಟಿದವಳೂ ಮಗಳೇ.

ಅಮ್ಮ ಫೋನನ್ನು ಎಡಗಣ್ಣಿನ ಹತ್ತಿರ ಹಿಡಿದು, ಅಕ್ಷರಕ್ಕೆ ಅಕ್ಷರ ಕೂಡಿಸುತ್ತ, ಕೊನೆಯವರೆಗೂ ಓದಿದಳು. ಅದು ಅಲ್ಲೇ ನಿಂತಿತ್ತು.